ಮೊಡವೆಗೆ ಅಂತ ಕೊಟ್ಟ ಗುಳಿಗೆಯ ಹಿಂದೆ ಏನು ಬರೆದಿದೆ ನೋಡಿಕೊಳ್ಳಿ

ಬಳ್ಳಾರಿಯಲ್ಲಿ ಮೊಡವೆಗೆ ಟ್ರೀಟ್‌ಮೆಂಟ್ ತಗೊಳ್ಳುತ್ತಿರುವ ಹುಡುಗಿಯರು ದಯವಿಟ್ಟು ಇದನ್ನು ಪೂರ್ತಿ ಓದಿ. ಯಾವುದಾದರೂ ಸ್ಕಿನ್ ಕ್ಲಿನಿಕ್‌ನವರು ನಿಮಗೆ ಕಾಗದದ ಕವರ್‌ನಲ್ಲಿ "ಹಾರ್ಮೋನ್ ಗುಳಿಗೆ" ಹಾಕಿ ಕೊಟ್ಟಿದ್ದರೆ, ಈಗಲೇ ಎದ್ದು ಹೋಗಿ ಆ ಸ್ಟ್ರಿಪ್‌ನ ಹಿಂಬದಿ ಓದಿ. ಎಥಿನೈಲ್ ಎಸ್ಟ್ರಾಡಿಯಾಲ್ ಅಂತ ಇದೆಯಾ? ಹಾಗಿದ್ದರೆ ಅದು ಗರ್ಭನಿರೋಧಕ ಗುಳಿಗೆಯಲ್ಲಿರುವ ಔಷಧಿ. ನನಗೆ ಅದನ್ನೇ ಕೊಟ್ಟರು. ಹೇಳದೆ ಕೊಟ್ಟರು. ಒಂದು ಪ್ರಶ್ನೆಯನ್ನೂ ಕೇಳದೆ ಕೊಟ್ಟರು.

ಕ್ಲಿನಿಕ್ ಹೆಸರು ಇಲ್ಲಿ ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದರ ವಿಚಾರಣೆ ಆಗಲಿ.

ನನಗೆ ಗದ್ದ, ದವಡೆ ತುಂಬ ಗಂಟಿನಂಥ ಮೊಡವೆ. ಮುಟ್ಟಿದರೆ ನೋವು. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಬಂದವರೆಲ್ಲ ಮೊದಲು ನೋಡುವುದು ಮುಖವನ್ನೇ ಅಲ್ವಾ. ಕ್ಲಿನಿಕ್‌ನವರು ಪ್ಯಾಕೇಜ್ ಅಂತ 12 ಸಾವಿರ ಕಟ್ಟಿಸಿಕೊಂಡರು. ಕ್ರೀಮು, ಫೇಸ್‌ವಾಶ್, ಪೀಲಿಂಗ್, ಜೊತೆಗೆ ಈ ಗುಳಿಗೆ. ಡಬ್ಬಿ ಇಲ್ಲ, ಅದರೊಳಗೆ ಬರುವ ಮಾಹಿತಿ ಹಾಳೆ ಇಲ್ಲ, ಬಿಲ್ಲೂ ಇಲ್ಲ. "21 ದಿನ ತಗೊಳ್ಳಿ, 7 ದಿನ ಬಿಡಿ, ಮತ್ತೆ ಶುರು ಮಾಡಿ ಮೇಡಂ." ಹೇಳಿದ್ದು ಅಷ್ಟೇ. ಬಿಪಿ ನೋಡಲಿಲ್ಲ. ತಲೆನೋವು ಬರುತ್ತಾ ಅಂತ ಕೇಳಲಿಲ್ಲ. ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದು ಇದೆಯಾ, ಸಿಗರೇಟು ಸೇದುತ್ತೀರಾ, ಲಿವರ್ ತೊಂದರೆ ಇದೆಯಾ, ಬೇರೆ ಏನು ಮಾತ್ರೆ ತಗೊಳ್ಳುತ್ತಿದ್ದೀರಿ, ಯಾವುದೂ ಇಲ್ಲ.

ನನಗೆ ಕಾಲೇಜಿನಿಂದಲೂ ಮೈಗ್ರೇನ್ ಇದೆ. ಬರೋ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಬೆಳಕಿನ ಗೆರೆ ಕುಣಿಯುತ್ತದೆ, ಆಮೇಲೆ ಅರ್ಧ ತಲೆ ಸಿಡಿಯುತ್ತದೆ. ಮೊದಲು ಅಪರೂಪಕ್ಕೆ ಬರುತ್ತಿತ್ತು. ಗುಳಿಗೆ ಶುರುವಾದ ಮೇಲೆ ಪದೇ ಪದೇ. ಜೀನ್ಸ್ ಯುನಿಟ್‌ನಲ್ಲಿ ಬಿಲ್ಲಿಂಗ್ ನನ್ನ ಕೆಲಸ. ಒಂದು ದಿನ ಕಂಪ್ಯೂಟರ್ ಮುಂದೆ ಕೂತಿದ್ದಾಗ ಬಿಲ್ ನಂಬರಿನ ಅರ್ಧ ಅಂಕಿ ಕಾಣಿಸಲೇ ಇಲ್ಲ. ಹೆದರಿ ಕ್ಲಿನಿಕ್‌ಗೆ ಫೋನ್ ಮಾಡಿದೆ. ಅವರ ಉತ್ತರ: "ಬಳ್ಳಾರಿ ಬಿಸಿಲು ಮೇಡಂ, ನೀರು ಜಾಸ್ತಿ ಕುಡೀರಿ."

ನೀರು ಕುಡೀರಿ! ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಗುಳಿಗೆ ಮುಗಿದಾಗ ಕ್ಲಿನಿಕ್ ಬಾಗಿಲು ಹಾಕಿತ್ತು. ಖಾಲಿ ಸ್ಟ್ರಿಪ್ ಹಿಡಿದು ನಮ್ಮ ಓಣಿಯ ಮೆಡಿಕಲ್ ಶಾಪ್‌ಗೆ ಹೋದೆ. ಅಂಗಡಿಯವರು ನಮ್ಮಪ್ಪನ ಪರಿಚಯದವರು. ಸ್ಟ್ರಿಪ್ ತಿರುಗಿಸಿ ನೋಡಿ, "ಡಾಕ್ಟರ್ ಚೀಟಿ ಎಲ್ಲಮ್ಮ?" ಅಂದರು. ಇಲ್ಲ ಅಂದೆ. ದನಿ ತಗ್ಗಿಸಿ, "ಇದು ಮಕ್ಕಳಾಗದ ಹಾಗೆ ತಗೊಳ್ಳೋ ನಮೂನೆ ಗುಳಿಗೆ. ಮೊಡವೆಗೂ ಬರೀತಾರೆ, ಆದ್ರೆ ಚೀಟಿ ಇಲ್ದೆ ಕೊಡೋ ಹಂಗಿಲ್ಲಮ್ಮ" ಅಂದರು. ಎಷ್ಟು ತಗ್ಗಿಸಿದರೇನು, ಪಕ್ಕದಲ್ಲಿ ನಿಂತಿದ್ದ ಆಂಟಿಗೆ ಕೇಳಿಸಿತು. ಅವರ ಕಣ್ಣು ಸೀದಾ ನನ್ನ ಕೊರಳಿಗೆ ಹೋಯಿತು, ತಾಳಿ ಇದೆಯಾ ಅಂತ.

ಆ ಗುಳಿಗೆ ತಗೊಳ್ಳುವುದರಲ್ಲಿ ತಪ್ಪೇನಿಲ್ಲ. ಮದುವೆ ಆಗಿರಲಿ, ಆಗದಿರಲಿ. ಆದರೆ ನಾನು ದಿನಾ ನುಂಗುತ್ತಿರುವುದು ಏನು ಅಂತ ನನಗೆ ಗೊತ್ತಾಗಿದ್ದು ಅಂಗಡಿ ಕಟ್ಟೆಯ ಮೇಲೆ, ನಾಲ್ಕು ಜನರ ಮುಂದೆ. ಮನೆಗೆ ಬಂದು ಅಮ್ಮನ ಹತ್ತಿರ ಹೇಳುವಷ್ಟರಲ್ಲಿ ಗಂಟಲು ಕಟ್ಟಿತ್ತು.

ಮರುದಿನ ಕ್ಲಿನಿಕ್‌ಗೆ ಹೋಗಿ ಕೇಳಿದೆ. ಮೊದಲು "ಅದು ಬರೀ ಹಾರ್ಮೋನ್ ಬ್ಯಾಲೆನ್ಸ್ ಮಾಡೋದು ಮೇಡಂ" ಅಂದರು. ಸ್ಟ್ರಿಪ್ ತೋರಿಸಿದೆ. "ಎಲ್ಲರಿಗೂ ಇದೇ ಕೊಡ್ತೀವಿ, ಯಾರೂ ಕಂಪ್ಲೇಂಟ್ ಮಾಡಿಲ್ಲ." ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ ಅಂದೆ. "ಹೇಳಿದ್ರೆ ನೀವು ತಗೊಳ್ತಿರಲಿಲ್ಲ." ಇದನ್ನು ಮುಖಕ್ಕೆ ಮುಖ ಕೊಟ್ಟು ಹೇಳಿದರು! ಬರೆದುಕೊಟ್ಟ ಡಾಕ್ಟರ್ ಯಾರು, ಅವರ ನೋಂದಣಿ ನಂಬರ್ ಏನು ಅಂತ ಕೇಳಿದೆ. "ಸರ್ ಊರಲ್ಲಿಲ್ಲ." ದುಡ್ಡು? "ಪ್ಯಾಕೇಜ್ ರಿಫಂಡ್ ಇಲ್ಲ ಮೇಡಂ."

ಆಮೇಲೆ ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರಿಗೆ ತೋರಿಸಿದೆ. ಮೈಗ್ರೇನ್‌ಗೆ ಮುಂಚೆ ಬೆಳಕಿನ ಗೆರೆ ಕಾಣುವವರಿಗೆ ಈಸ್ಟ್ರೊಜೆನ್ (ಎಥಿನೈಲ್ ಎಸ್ಟ್ರಾಡಿಯಾಲ್ ಅದೇ ಜಾತಿಯ ಹಾರ್ಮೋನ್) ಇರುವ ಗುಳಿಗೆ ಕೊಡಲೇಬಾರದು, ಪಾರ್ಶ್ವವಾಯು ಹೊಡೆಯುವ ಅಪಾಯ ಜಾಸ್ತಿ ಅಂತ ಹೇಳಿ ಅವತ್ತೇ ನಿಲ್ಲಿಸಿದರು. ಬಿಪಿ ಜಾಸ್ತಿ ಇರುವವರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ, 35 ದಾಟಿ ಸಿಗರೇಟು ಸೇದುವವರಿಗೂ ಇದು ಆಗದು.

ನನಗೆ ಕೊಟ್ಟಿದ್ದರಲ್ಲಿ ಸೈಪ್ರೊಟೆರೋನ್ 2 ಮಿಲಿಗ್ರಾಂ, ಎಥಿನೈಲ್ ಎಸ್ಟ್ರಾಡಿಯಾಲ್ 0.035 ಮಿಲಿಗ್ರಾಂ ಇತ್ತು. ಗುಳಿಗೆ ಕೆಟ್ಟದ್ದಲ್ಲ ಅಂತ ಡಾಕ್ಟರೇ ಹೇಳಿದರು. ಚರ್ಮದ ಎಣ್ಣೆ ಹೆಚ್ಚಿಸುವ ಆಂಡ್ರೊಜೆನ್ ಅನ್ನೋ ಹಾರ್ಮೋನ್‌ನ ಕೆಲಸವನ್ನು ಅದು ತಗ್ಗಿಸುತ್ತದೆ. ಎಷ್ಟೋ ಜನರಿಗೆ ಗುಣ ಕೊಟ್ಟಿದೆ, ಆದರೆ ಸಾಮಾನ್ಯವಾಗಿ ಮೂರು ತಿಂಗಳಾದರೂ ಕಾಯಬೇಕು. ರಕ್ತ ಹೆಪ್ಪುಗಟ್ಟುವ ಅಪಾಯ ನೋಡಿ ಫ್ರಾನ್ಸ್ 2013ರಲ್ಲಿ ಇದರ ಮಾರಾಟವನ್ನು ತಡೆಹಿಡಿಯಲು ಹೊರಟಿತ್ತು. ಕ್ರೀಮು, ಆ್ಯಂಟಿಬಯಾಟಿಕ್ ಕೆಲಸ ಮಾಡದಿದ್ದಾಗ ಮಾತ್ರ ಕೊಡಿ ಅಂತ ಯುರೋಪಿನ ಔಷಧ ಸಂಸ್ಥೆ ಆಮೇಲೆ ಹೇಳಿತು. ಗುಳಿಗೆ ತಗೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನರಿಗೆ ರಕ್ತ ಹೆಪ್ಪುಗಟ್ಟುತ್ತದೆ. ಲೆವೊನಾರ್ಜೆಸ್ಟ್ರೆಲ್ ಅನ್ನೋ ಬೇರೆ ಹಾರ್ಮೋನ್ ಇರುವ ಗರ್ಭನಿರೋಧಕ ಗುಳಿಗೆ ತಗೊಳ್ಳುವವರಲ್ಲಿ 5ರಿಂದ 7. ಸೈಪ್ರೊಟೆರೋನ್ ಇದ್ದರೆ ಅದರ ಒಂದೂವರೆಯಿಂದ ಎರಡು ಪಟ್ಟು. ಒಟ್ಟು ಲೆಕ್ಕದಲ್ಲಿ ಕಡಿಮೆಯೇ, ಒಪ್ಪುತ್ತೇನೆ. ಆದರೆ ಆ ಲೆಕ್ಕ ನನಗೆ ಮೊದಲು ಗೊತ್ತಾಗಬೇಕಿತ್ತು, ತಗೊಳ್ಳಬೇಕಾ ಬೇಡವಾ ಅಂತ ನಾನು ಹೇಳಬೇಕಿತ್ತು. ಕೇಳದೆ ಕೊಟ್ಟರಲ್ಲ, ಅದಕ್ಕೇ ಈ ಸಿಟ್ಟು.

ಡಬ್ಬಿ, ಚೀಟಿ, ಬಿಲ್ ಮೂರೂ ಇಲ್ಲದೆ ಯಾವ ಗುಳಿಗೆಯನ್ನೂ ಮುಟ್ಟಬೇಡಿ. ಬಿಪಿ ನೋಡದವರ ಕೈಯಿಂದ ಈ ಹಾರ್ಮೋನ್ ಗುಳಿಗೆ ತಗೊಳ್ಳಲೇಬೇಡಿ. ಫಿಟ್ಸ್ ಮಾತ್ರೆ, ಟಿಬಿಯ ರಿಫಾಂಪಿಸಿನ್ ತಗೊಳ್ಳುವವರು ಬಾಯಿಬಿಟ್ಟು ಹೇಳಿ. ಗರ್ಭ ತಡೆಯಲೂ ಇದನ್ನೇ ನಂಬಿಕೊಂಡವರು ನಿಲ್ಲಿಸುವುದಾದರೆ ಬೇರೆ ದಾರಿ ಏನು ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಕ್ಲಿನಿಕ್‌ಗಳ ಮೇಲಿನ ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡಬಹುದು, ನಾನು ಅಲ್ಲೇ ಕೊಟ್ಟಿದ್ದು.

ಈಗಾಗಲೇ ತಗೊಳ್ಳುತ್ತಿರುವವರಿಗೆ ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವಾದರೆ, ಕಣ್ಣು ಮಂಜಾದರೆ, ಮಾತು ತೊದಲಿದರೆ ಕ್ಲಿನಿಕ್‌ಗೆ ಫೋನ್ ಮಾಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ, ಆ ಸ್ಟ್ರಿಪ್ ಕೈಯಲ್ಲೇ ಇರಲಿ.