ಪುದುಚೇರಿಯ ಹಳದಿ ಗೋಡೆಯ ಚಿತ್ರ ನೋಡಿ ಹಣ ಕಟ್ಟುವ ಮುನ್ನ

ಕಳೆದ ಡಿಸೆಂಬರ್ ಕೊನೆಯ ವಾರ ಪುದುಚೇರಿಯಲ್ಲಿ ನನಗಾದ ಮೋಸವನ್ನು ಇಷ್ಟು ದಿನ ಹೊರಗೆ ಹೇಳಿಕೊಂಡಿರಲಿಲ್ಲ. ಬಂಧುಬಳಗದಲ್ಲಿ ಯಾರು ಪ್ರವಾಸ ಹೊರಟರೂ ತಂಗುವ ಜಾಗ ಹುಡುಕಿಕೊಡುವವನು ನಾನೇ ಆದ್ದರಿಂದ ನಾಚಿಕೆಯಾಗಿತ್ತು. ಮೊನ್ನೆ ನೆಂಟರೊಬ್ಬರು ನಾನು ಮೋಸಹೋದ ಅದೇ ಹೋಟೆಲಿನ ಅಂಗಳದ ಚಿತ್ರವನ್ನು ನನಗೇ ಕಳಿಸಿ, ‘ಇದು ಹೇಗಿದೆ’ ಎಂದು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ನನಗೆ ಬೇಕಿದ್ದದ್ದು ವೈಟ್ ಟೌನ್ ಒಳಗಿನ ಕೋಣೆ. ಕಡಲಿಗೂ ಹಳೆಯ ಕಾಲುವೆಗೂ ನಡುವೆ ಇರುವ, ಫ್ರೆಂಚರ ಕಾಲದ ಆ ಬಡಾವಣೆಯಲ್ಲಿ ಎಲ್ಲಿ ತಂಗಿದರೂ ನಡೆದೇ ಸಮುದ್ರ ಸೇರಬಹುದು. ಕಡಲದಂಡೆಯ ಗುಬೇರ್ ಅವೆನ್ಯೂದಲ್ಲಿ ಸಂಜೆ 6ರಿಂದ ಬೆಳಿಗ್ಗೆ 7.30ರವರೆಗೆ ವಾಹನ ಬಿಡುವುದಿಲ್ಲವಾದ್ದರಿಂದ, ಮಂಡಿನೋವಿರುವ ಅಮ್ಮನನ್ನು ನಸುಕಿನಲ್ಲಿ ಗಾಂಧಿ ಪ್ರತಿಮೆಯವರೆಗೆ ನಿಧಾನವಾಗಿ ನಡೆಸಿಕೊಂಡು ಹೋಗಬೇಕೆಂಬ ಆಸೆಯಿತ್ತು. ಆ್ಯಪ್‌ನಲ್ಲಿ ಒಂದು ಬೊಟೀಕ್ ಹೋಟೆಲ್ ಸಿಕ್ಕಿತು: ಹಳದಿ ಗೋಡೆ, ಕಾಗದದ ಹೂವಿನ ಬಳ್ಳಿ, ಅಂಗಳದಲ್ಲಿ ಮರದ ತೂಗುಯ್ಯಾಲೆ. ಎರಡು ರಾತ್ರಿಗೆ 16,000 ರೂಪಾಯಿ, ಹಣ ಅಲ್ಲಿಗೆ ಹೋದ ಮೇಲೆ.

ಅರ್ಧ ಗಂಟೆಯಲ್ಲಿ ಫೋನ್ ಬಂತು. ಆ್ಯಪ್‌ನ ಬುಕಿಂಗ್ ರದ್ದು ಮಾಡಿ ನೇರವಾಗಿ ಕಟ್ಟಿದರೆ ಶೇ. 15 ರಿಯಾಯಿತಿ ಎಂದರು. ಮಾತಾಡಿದವರದ್ದು ಅಚ್ಚುಕಟ್ಟಾದ ಕನ್ನಡ. ಅದನ್ನು ಕೇಳಿದ್ದೇ ತಡ, ನಾನು ಕರಗಿಹೋದೆ. ನನ್ನ ಕೈಯಾರೆ ಬುಕಿಂಗ್ ರದ್ದು ಮಾಡಿ 13,600 ರೂಪಾಯಿಯನ್ನು ಯುಪಿಐನಲ್ಲಿ ಕಳಿಸಿದೆ. ಹೌದು, ನನ್ನ ಕೈಯಾರೆ.

ತಿಂಡಿವನಂ ದಾಟಿ ಮಧ್ಯಾಹ್ನ ಎರಡಕ್ಕೆ ತಲುಪಿದಾಗ ಅಂಗಳವೂ ಇತ್ತು, ಉಯ್ಯಾಲೆಯೂ ಇತ್ತು. ಅಮ್ಮ ಅದರಲ್ಲಿ ಕೂತೂ ಆಗಿತ್ತು. ಆಗ ಮ್ಯಾನೇಜರ್ ಬಂದು, ನಿಮ್ಮ ಕೋಣೆ ನಮ್ಮ ಅನೆಕ್ಸ್‌ನಲ್ಲಿದೆ, ಎರಡೇ ನಿಮಿಷದ ದಾರಿ ಎಂದರು. ನಾನು ಈ ಕಟ್ಟಡದ ಕೋಣೆಗೆ ಹಣ ಕೊಟ್ಟಿದ್ದೇನೆ ಎಂದೆ. ಅವರು ಸಿಟ್ಟಾಗಲೇ ಇಲ್ಲ. ನನ್ನ ಫೋನನ್ನೇ ಕೇಳಿ ಪಡೆದು, ರಸೀದಿಯನ್ನು ಬೆರಳಿನಿಂದ ದೊಡ್ಡದು ಮಾಡಿ ನನ್ನತ್ತ ತಿರುಗಿಸಿ, ‘ಈ ಕಟ್ಟಡ ಎಂದು ಎಲ್ಲಿ ಬರೆದಿದೆ, ಸರ್?’ ಎಂದು ಕೇಳಿದರು. ಅಲ್ಲಿದ್ದದ್ದು ‘ಡಿಲಕ್ಸ್ ರೂಮ್, ಎರಡು ರಾತ್ರಿ’ ಎಂದಷ್ಟೇ. ಆ್ಯಪ್‌ನ ಪುಟವನ್ನು ತೋರಿಸೋಣವೆಂದರೆ ಆ ಬುಕಿಂಗನ್ನು ರದ್ದು ಮಾಡಿದವನು ನಾನೇ. ಫೋನಿನಲ್ಲಿ ಮಾತಾಡಿದ ಕನ್ನಡದವರನ್ನು ಕರೆಯಿರಿ ಎಂದರೆ, ‘ಅವರು ಏಜೆಂಟ್, ನಮ್ಮ ಸಿಬ್ಬಂದಿಯಲ್ಲ’ ಎಂಬ ಉತ್ತರ. ಹಣ ವಾಪಸು ಕೊಡಿ ಎಂದರೆ, ‘ಸೇಮ್ ಮ್ಯಾನೇಜ್‌ಮೆಂಟ್, ಸೇಮ್ ಬ್ರೇಕ್‌ಫಾಸ್ಟ್’. ಕೊನೆಗೆ ಸಮಾಧಾನವೆಂಬಂತೆ, ‘ಸಂಜೆ ಇಲ್ಲಿಗೇ ಬಂದು ಎಷ್ಟು ಬೇಕಾದರೂ ಫೋಟೊ ತೆಗೆದುಕೊಳ್ಳಿ, ನಾವು ಬೇಡ ಎನ್ನುವುದಿಲ್ಲ’ ಎಂದರಲ್ಲ, ಆ ಮಾತು ಇಂದಿಗೂ ಮೈ ಉರಿಸುತ್ತದೆ.

ಅನೆಕ್ಸ್ ಇದ್ದದ್ದು ಬಡಾವಣೆಯಿಂದ ಬಹಳ ಹೊರಗೆ, ಉತ್ತರಕ್ಕೆ ಮುತ್ಯಾಲಪೇಟೆಯ ಕಡೆಗೆ. ಅದೂ ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿ. ಕಿಟಕಿ ತೆರೆದರೆ ಪಕ್ಕದ ಮನೆಯ ನೀರಿನ ಟ್ಯಾಂಕು. ಅಮ್ಮ ಏದುಸಿರು ಬಿಡುತ್ತಲೇ ‘ಸಮುದ್ರ ಯಾವ ಕಡೆಗೋ?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ವರ್ಷದ ಕೊನೆಯಾದ್ದರಿಂದ ಬೇರೆಲ್ಲೂ ಕೋಣೆ ಸಿಗಲಿಲ್ಲ. ಎರಡು ದಿನವೂ ಮೀಟರ್ ಹಾಕದ ಆಟೊಗಳಿಗೆ ಕೇಳಿದಷ್ಟು ಕೊಟ್ಟು ಓಡಾಡಿದೆವು. ನಸುಕಿನ ನಡಿಗೆ ಒಂದು ದಿನವೂ ಆಗಲಿಲ್ಲ.

ಆದ್ದರಿಂದ, ಯಾರು ಎಷ್ಟೇ ಸಿಹಿಯಾಗಿ ಮಾತಾಡಲಿ, ಕನ್ನಡದಲ್ಲೇ ಮಾತಾಡಲಿ, ಆ್ಯಪ್‌ನ ಬುಕಿಂಗ್ ಮಾತ್ರ ರದ್ದು ಮಾಡಬೇಡಿ. ಯಾವ ಬೀದಿ, ಯಾವ ಕಟ್ಟಡ, ಎಷ್ಟನೇ ಮಹಡಿ ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ. ‘ವೈಟ್ ಟೌನ್ ಹತ್ತಿರ’ ಎಂದಿದ್ದರೆ ಅದು ಕಾಲುವೆಯ ಆಚೆ ಎಂದೇ ತಿಳಿಯಿರಿ.

ಊರಿಗೆ ಬಂದ ಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಹೋಟೆಲಿನವರು ಕೊಟ್ಟ ಉತ್ತರ ಇಷ್ಟೇ: ಅತಿಥಿಗಳು ಎರಡೂ ರಾತ್ರಿ ತಂಗಿದ್ದಾರೆ, ಹೊರಡುವಾಗ ತೃಪ್ತಿಯಾಗಿದೆ ಎಂದು ಸಹಿ ಮಾಡಿದ್ದಾರೆ. ಸಹಿ ಮಾಡಿದ್ದು ನಿಜ. ಅದು ಕೀಲಿ ಹಿಂದಿರುಗಿಸುವ ಪುಸ್ತಕವೆಂದು ಹುಡುಗ ಹೇಳಿದ್ದ.