ಜಾರು ಗಾಜು: ಎಡಬಾಗಿಲಿಗೊಂದು, ಬಲಬಾಗಿಲಿಗೊಂದು

ಕಾಸರಗೋಡು–ಮಂಗಳೂರು ದಾರಿಯಲ್ಲಿ ಕೇರಳದ ಬಸ್ಸೂ ಓಡುತ್ತದೆ, ಕರ್ನಾಟಕದ ಬಸ್ಸೂ ಓಡುತ್ತದೆ. ಕರ್ನಾಟಕದ ಬಸ್ಸಿನ ಕಿಟಕಿಗೆ ಜಾರುವ ಗಾಜು. ಕೇರಳದ ಹಳೆಯ ಬಸ್ಸಿಗೆ ಸುರುಳಿ ಸುತ್ತಿ ಮೇಲೆ ಕಟ್ಟಿದ ಟಾರ್ಪಾಲಿನ ಶಟರು. ಮಳೆ ಬಂತೋ, ಒಂದರಲ್ಲಿ ಗಾಜನ್ನು ಎಳೆಯಲು ಹೆಣಗಾಡುತ್ತಾರೆ, ಇನ್ನೊಂದರಲ್ಲಿ ಶಟರು ಬಿಚ್ಚಿ ಕತ್ತಲಲ್ಲಿ ಬೆವರುತ್ತಾರೆ. ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಈಗ ಬದಿಯಡ್ಕದ ಬಳಿ ನನ್ನದೇ ಸಣ್ಣ ಶೆಡ್ಡು ಇಟ್ಟುಕೊಂಡಿರುವ ನನಗೆ, ಮಳೆ ತಡೆಯುವ ಕೆಲಸದಲ್ಲಿ ಶಟರೇ ಗೆದ್ದಿದೆ ಎಂದು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವಾಗುತ್ತದೆ. ಆದರೆ ನಿಜ.

ನನ್ನ ಹಳೆಯ ವ್ಯಾನಿಗೆ ಎರಡೂ ಬದಿ ಜಾರುವ ಬಾಗಿಲುಗಳಿವೆ. ವಾರಕ್ಕೆರಡು ಸಲ ನಮ್ಮ ತಾಳಮದ್ದಳೆ (ವೇಷವಿಲ್ಲದೆ, ಕೂತು ಹಾಡು–ಮಾತಿನಲ್ಲೇ ನಡೆಸುವ ಯಕ್ಷಗಾನ) ಕೂಟದವರನ್ನು ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆ ಕರೆದೊಯ್ದು ನಡುರಾತ್ರಿ ಮನೆಗಳಿಗೆ ಬಿಡುವುದು ಅದರ ಕೆಲಸ. ಮೊನ್ನೆಮೊನ್ನೆಯವರೆಗೂ ಅದರ ಬಾಗಿಲುಗಳಲ್ಲಿ ಇದ್ದದ್ದು ಬಿರುಕುಬಿಟ್ಟ ರಬ್ಬರಿನ ನಡುವೆ ಗಡಗಡ ಅನ್ನುವ ಗಾಜು. ಆಟಿ ತಿಂಗಳ, ಅಂದರೆ ಜುಲೈ–ಆಗಸ್ಟಿನ ಮಳೆಗಾಲದ, ಒಂದು ರಾತ್ರಿ ನೀರು ಸೀದಾ ಮದ್ದಳೆಯ ಮೇಲೆ ಇಳಿಯಿತು. ಚರ್ಮ ಸಡಿಲವಾಗಿ ಶ್ರುತಿಯೇ ಕೂರಲಿಲ್ಲ. “ಭಾವ, ನೀನು ಊರಿನ ಬಸ್ಸಿಗೆಲ್ಲ ಗಾಜು ಕೂರಿಸಿದವನು, ನಿನ್ನ ವ್ಯಾನಿಗೆ ಮಾತ್ರ ಸಾಧ್ಯವಾಗಲಿಲ್ಲವೇ?” ಎಂದು ಭಾಗವತರು ಕೇಳಿದ್ದು ಚುಚ್ಚಿತು. ಹೊಸದು ಕೂರಿಸುವುದೇ ಆದರೆ ಬಾಗಿಲಿನ ತಗಡಿಗೆ ಸಮತಟ್ಟಾಗಿ ನಿಲ್ಲುವ ಜಾರು ಗಾಜನ್ನೇ ಮಾಡಿ ನೋಡೋಣ ಎಂದು ಹೊರಟೆ. ಎರಡು ಮಳೆಗಾಲದಲ್ಲಿ ಮೂರು ಬಗೆಯವನ್ನು ಹಾಕಿ ನೋಡಿದೆ. ಮೊದಲ ವರ್ಷ ಎಡಕ್ಕೆ ಒಂದನೆಯದು, ಬಲಕ್ಕೆ ಎರಡನೆಯದು. ಮರುವರ್ಷ ಒಂದನೆಯದನ್ನು ಕಿತ್ತು ಆ ಜಾಗದಲ್ಲಿ ಮೂರನೆಯದು.

ಸಮತಟ್ಟು ಏಕೆ ಬೇಕು ಎಂದರೆ ಚೆಂದಕ್ಕಾಗಿ ಮಾತ್ರವಲ್ಲ. ತಗಡಿಗಿಂತ ಒಳಗೆ ಕೂತ ಗಾಜಿನ ಅಂಚಿನಲ್ಲಿ ಗಾಳಿ ಸುಳಿಯುತ್ತದೆ, ಸಿಳ್ಳೆ ಹಾಕುತ್ತದೆ, ನೀರೂ ಧೂಳೂ ಅಲ್ಲೇ ತಂಗುತ್ತವೆ. 1982ರ ಆಡಿ 100 ಕಾರಿನಲ್ಲಿ ಪಕ್ಕದ ಗಾಜುಗಳನ್ನು ಬಾಡಿಗೆ ಸಮವಾಗಿ ನಿಲ್ಲಿಸಿದ್ದರು. ಗಾಳಿಯ ಎಳೆತದ ಅಂಕ 0.30ಕ್ಕೆ ಇಳಿಯಲು ಅದೂ ಒಂದು ಕಾರಣ. ಆದರೆ ಅದು ಕೆಳಗೆ ಇಳಿಯುವ ಗಾಜು. ಅಡ್ಡ ಜಾರುವ ಗಾಜಿನ ಕಷ್ಟ ಬೇರೆ. ಎರಡು ಗಾಜು ಒಂದೇ ಸಮತಲದಲ್ಲಿದ್ದರೆ ಒಂದು ಇನ್ನೊಂದನ್ನು ದಾಟುವುದು ಹೇಗೆ? ಈ ಪ್ರಶ್ನೆಗೆ ಕೊಟ್ಟ ಮೂರು ಉತ್ತರಗಳೇ ಈ ಮೂರು ಬಗೆಗಳು.

ಪರೀಕ್ಷೆಗೆ ದೊಡ್ಡ ಸಲಕರಣೆ ಏನೂ ಇರಲಿಲ್ಲ. ಅಡಿಕೆ ತೋಟದ ಸ್ಪ್ರಿಂಕ್ಲರಿನ ಪೈಪನ್ನು ಬಾಗಿಲಿಗೆ ಹದಿನೈದು ನಿಮಿಷ ಹಿಡಿಯುವುದು, ಒಳಗೆ ಇಳಿದ ನೀರನ್ನು ಸ್ಟೀಲು ಲೋಟಕ್ಕೆ ಹಿಂಡುವುದು. ಗಾಜಿನ ಅಂಚಿಗೆ ಸೀಮೆಸುಣ್ಣ ಉಜ್ಜಿ ಮುಚ್ಚಿ ತೆರೆದು, ರಬ್ಬರಿನ ಮೇಲೆ ಗುರುತು ಎಲ್ಲೆಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂದು ನೋಡುವುದು. ಹೆದ್ದಾರಿಯಲ್ಲಿ ಓಡುವಾಗ ಒಳಗೆ ಊದುಬತ್ತಿ ಹಚ್ಚಿ ಹೊಗೆ ಯಾವ ಸಂದಿಯತ್ತ ಬಾಗುತ್ತದೆ ಎಂದು ಗಮನಿಸುವುದು. ಈ ಕೊನೆಯದನ್ನು ಭಾಗವತರು ಪೂಜೆ ಎಂದೇ ತಿಳಿದಿದ್ದರು.

ಒಂದನೆಯದು ಎಲ್ಲರೂ ಬಲ್ಲ ಎರಡು ಹಳಿಯ ಅಲ್ಯೂಮಿನಿಯಂ ಚೌಕಟ್ಟು. ಇದು ಸಮತಟ್ಟೇ ಅಲ್ಲ. ಹೋಲಿಕೆಗೆ ಒಂದು ಅಳತೆಗೋಲು ಬೇಕಲ್ಲ ಎಂದು ಹಾಕಿದೆ. ಎರಡು ಗಾಜು, ಎರಡು ಹಳಿ, ಹಳಿಯೊಳಗೆ ಫೆಲ್ಟು (ಒತ್ತಿದ ನಾರಿನ ಪಟ್ಟಿ), ಸುತ್ತ ರಬ್ಬರ್. ಖರ್ಚು ಬಾಗಿಲಿಗೆ 2,800 ರೂಪಾಯಿ. ಯಾವ ಊರಿನಲ್ಲಿ ಕೆಟ್ಟರೂ ಅಲ್ಲೇ ರಿಪೇರಿ. ಆದರೆ ಫೆಲ್ಟು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಕೆಳಗಿನ ಹಳಿಗೆ ಕೊರೆದ ತೂತುಗಳು ಧೂಳಿನಿಂದ ಕಟ್ಟಿದರೆ ಹಳಿಯೇ ತೊಟ್ಟಿ. ಸ್ಟೀಲಿನ ತಿರುಪು, ಅಲ್ಯೂಮಿನಿಯಂ, ಸಮುದ್ರದ ಉಪ್ಪುಗಾಳಿ ಮೂರೂ ಸೇರಿದಲ್ಲಿ ಒಂದೇ ವರ್ಷಕ್ಕೆ ಬಿಳಿ ಪುಡಿ ಏಳುತ್ತದೆ.

ಇಲ್ಲಿ ನನ್ನ ಕೈಯಿಂದಲೇ ಒಂದು ಅಚಾತುರ್ಯ ನಡೆಯಿತು. ಮುಂದಿನ ಗಾಜು ಹೊರಗಿನ ಹಳಿಯಲ್ಲಿ, ಹಿಂದಿನದು ಒಳಗಿನ ಹಳಿಯಲ್ಲಿ ಇರಬೇಕು. ಮಾಡಿನ ಹಂಚನ್ನು ಹೊದೆಸುವ ಕ್ರಮವೇ ಇಲ್ಲಿಯೂ: ನೀರು ಬರುವ ಕಡೆಯದು ಮೇಲೆ, ಹೋಗುವ ಕಡೆಯದು ಅಡಿಗೆ. ಶೆಡ್ಡಿನ ಹುಡುಗನಿಗೆ ಕೆಲಸ ಒಪ್ಪಿಸಿ ಊಟಕ್ಕೆ ಹೋಗಿದ್ದೆ. ಅವನು ತಿರುಗುಮುರುಗು ಮಾಡಿ ಕೂರಿಸಿದ, ನಾನೂ ನೋಡದೆ ಓಡಿಸಿದೆ. ಎರಡು ಗಾಜು ಸೇರುವ ಸಂದಿಯ ಬಾಯಿ ಗಾಳಿಗೆ ಎದುರಾಗಿತ್ತು. ಉಪ್ಪಳ ದಾಟುವಷ್ಟರಲ್ಲಿ ಸೀಟು ಒದ್ದೆ. ಅದಲುಬದಲು ಮಾಡಿದ ಮೇಲೆ ಸ್ಪ್ರಿಂಕ್ಲರ್ ಪರೀಕ್ಷೆಯಲ್ಲಿ ಅರ್ಧ ಲೋಟ ನೀರು ಬಂತು. ಈ ಬಗೆಯ ಕಿಟಕಿಗೆ ಇದು ಒಳ್ಳೆಯ ಫಲವೇ.

ಎರಡನೆಯದು ಹೊರಗಿನಿಂದ ನೋಡಿದರೆ ಸಮತಟ್ಟು, ಒಳಗಿನಿಂದ ನೋಡಿದರೆ ಸುಳ್ಳು. ಇಡೀ ಕಿಟಕಿಗೆ ಒಂದೇ ದೊಡ್ಡ ಗಾಜನ್ನು ತಗಡಿನ ಅಂಚಿಗೆ ಪಾಲಿಯುರಿಥೇನ್ ಅಂಟಿನಿಂದ ಕೂರಿಸುತ್ತೇವೆ. ಆ ಗಾಜಿನಲ್ಲೇ ಒಂದು ಕಿಂಡಿ. ಕಿಂಡಿಯ ಹಿಂದೆ, ಒಳಗಡೆ, ಸ್ವಲ್ಪ ದೊಡ್ಡದಾದ ಇನ್ನೊಂದು ಗಾಜು ಹಳಿಯ ಮೇಲೆ ಜಾರುತ್ತದೆ. ಹತ್ತಡಿ ದೂರದಿಂದ ಕಿಂಡಿ ಇರುವುದೇ ತಿಳಿಯುವುದಿಲ್ಲ. ಹತ್ತಿರ ಬಂದರೆ ಗಾಜಿನ ದಪ್ಪದಷ್ಟು, ಅಂದರೆ 4 ಮಿಲಿಮೀಟರಿನ ತಗ್ಗು.

ವಾಹನಕ್ಕೆ ಹಾಕುವ ಹದಗೊಳಿಸಿದ ಗಾಜನ್ನು ಆಮೇಲೆ ಕತ್ತರಿಸಲೂ ಆಗುವುದಿಲ್ಲ, ಕೊರೆಯಲೂ ಆಗುವುದಿಲ್ಲ. 600 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯಿಸಿ ಗಾಳಿ ಊದಿ ಥಟ್ಟನೆ ತಣಿಸಿದ ಗಾಜು ಅದು. ಮೈಯೆಲ್ಲ ಬಿಗಿ. ಒಂದು ಕಡೆ ಚುಚ್ಚಿದರೆ ಪೂರ್ತಿ ಕಾಳುಕಾಳಾಗಿ ಉದುರುತ್ತದೆ. ಕಿಂಡಿ, ಅಂಚು, ಮೂಲೆಯ ದುಂಡು ಎಲ್ಲವೂ ಹದಗೊಳಿಸುವ ಮೊದಲೇ ಆಗಬೇಕು. ನನಗೆ ಬಂದ ಮೊದಲ ಗಾಜಿನ ಕಿಂಡಿ 8 ಮಿಲಿಮೀಟರ್ ಪಕ್ಕಕ್ಕೆ ಹೋಗಿತ್ತು. ತಪ್ಪು ಗಾಜು ಮಾಡಿಕೊಟ್ಟವರದೋ ನನ್ನ ಕಾಗದದ ನಕ್ಷೆಯದೋ ಎಂಬ ವಾದದಲ್ಲಿ ಮೂರು ವಾರ ಹೋಯಿತು. ಈಗ ಹಾರ್ಡ್‌ಬೋರ್ಡಿನಲ್ಲಿ ಅಚ್ಚು ಕತ್ತರಿಸಿ, ಬಾಗಿಲಿಗೆ ಕೂರಿಸಿ ನೋಡಿ, ಆ ಅಚ್ಚನ್ನೇ ಕಳುಹಿಸುತ್ತೇನೆ. ಗಾಜಿನ ಬದಲು ಅಕ್ರಿಲಿಕ್ ಹಾಕಿ ಎಂದವರೂ ಇದ್ದರು. ಗೀರು ಬೀಳುವುದು ಒಂದಾದರೆ, ಬಿಸಿಲಿಗೆ ಅದು ಗಾಜಿನ ಏಳೆಂಟು ಪಟ್ಟು ಹಿಗ್ಗುತ್ತದೆ. ಹಳಿಯಲ್ಲಿ ಬೆಳಗ್ಗೆ ಜಾರಿದ್ದು ಮಧ್ಯಾಹ್ನ ಸಿಕ್ಕಿಕೊಂಡಿತು ಎಂದು ಯಾರಿಗೆ ದೂರುವುದು?

ಅಂಟಿನ ವಿಷಯದಲ್ಲಿ ಒಂದು ಮಾತು. ಕಾರಿನ ಗಾಜಿನ ಸುತ್ತ ಕಪ್ಪು ಪಟ್ಟಿ ಇರುವುದು ಅಲಂಕಾರಕ್ಕಲ್ಲ. ಪಾಲಿಯುರಿಥೇನ್ ಅಂಟು ಬಿಸಿಲಿನ ನೇರಳಾತೀತ ಕಿರಣಕ್ಕೆ ಸೊರಗುತ್ತದೆ, ಆ ಪಟ್ಟಿಯೇ ಅದಕ್ಕೆ ಕೊಡೆ. ನಿಮ್ಮ ಗಾಜಿಗೆ ಪಟ್ಟಿ ಇಲ್ಲದಿದ್ದರೆ ಅಂಟಿಗೆ ಮೊದಲು ಹಚ್ಚುವ ಕಪ್ಪು ಪ್ರೈಮರನ್ನಾದರೂ ದಪ್ಪಗೆ ಬಳಿಯಿರಿ.

ನೀರಿನ ಪರೀಕ್ಷೆಯಲ್ಲಿ ಎರಡನೆಯದು ಚೆನ್ನಾಗಿ ನಿಂತಿತು. ಓಡುವ ವಾಹನದ ಪಕ್ಕದಲ್ಲಿ ಹೊರಗಿನ ಒತ್ತಡ ಕಡಿಮೆಯಾಗಿ ಗಾಜನ್ನು ಹೊರಕ್ಕೆ ಎಳೆಯುತ್ತದೆ. ಇಲ್ಲಿ ಜಾರುವ ಗಾಜು ಒಳಗಿರುವುದರಿಂದ ಆ ಎಳೆತವೇ ಅದನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಊದುಬತ್ತಿಯ ಹೊಗೆ ನೆಟ್ಟಗೆ ಮೇಲೆ ಹೋಯಿತು. ಕೊರತೆ ಎರಡು. ಮುಚ್ಚಿದಾಗ ಕಿಂಡಿಯ ಕೆಳಗಿನ ತುಟಿಯಲ್ಲಿ ಒಂದೆರಡು ಚಮಚ ನೀರು ನಿಂತಿರುತ್ತದೆ, ಮಳೆ ಬಿಟ್ಟಿತೆಂದು ತೆರೆದ ಕೂಡಲೇ ಅದು ತೊಡೆಯ ಮೇಲೆ. ಇನ್ನೊಂದು, ರಬ್ಬರ್ ಯಾವಾಗಲೂ ಗಾಜಿಗೆ ಉಜ್ಜಿಕೊಂಡೇ ಇರುವುದರಿಂದ ಎಳೆತ ಭಾರ. ಟೊಳ್ಳು ರಬ್ಬರ್ ತೆಗೆದು ಮಖಮಲ್ಲಿನಂತಹ ನಾರು ಹಚ್ಚಿದ ತುಟಿಪಟ್ಟಿ ಹಾಕಿದ ಮೇಲೆ ಒಂದು ಕೈಯಲ್ಲಿ ಸರಿಯತೊಡಗಿತು.

ನಾನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಟ್ಟದ್ದು ಹಿಡಿಕೆಯನ್ನು. ಜಾರುವ ಬಾಗಿಲು ತೆರೆದಾಗ ಅದರ ಒಳಮೈ ವ್ಯಾನಿನ ಹಿಂಬದಿಯ ಹೊರಮೈಯನ್ನು ಸವರಿದಂತೆ ಹಿಂದಕ್ಕೆ ಹೋಗುತ್ತದೆ. ನಡುವಿನ ಜಾಗ ಎಷ್ಟು? ಹಿಡಿಕೆ ಹಿಂಬದಿಯ ಬಣ್ಣದ ಮೇಲೆ ಒಂದಡಿ ಉದ್ದದ ಗೆರೆ ಎಳೆದ ಮೇಲೆ ನನಗೆ ಆ ಪ್ರಶ್ನೆ ಹುಟ್ಟಿತು. ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಒಂದು ಉಂಡೆ ತಂದು ಬಾಗಿಲಿನ ಒಳಮೈಗೆ ಅಂಟಿಸಿ, ಬಾಗಿಲನ್ನು ಪೂರ್ತಿ ತೆರೆದು ಮುಚ್ಚಿ, ಚಪ್ಪಟೆಯಾದ ಉಂಡೆಗೆ ಅಳತೆ ಹಿಡಿದೆ: 19 ಮಿಲಿಮೀಟರ್. ನನ್ನ ಹಿಡಿಕೆ 24 ಇತ್ತು. ಹಿಡಿಕೆ ಕಿತ್ತು, ಬೆರಳು ಸಿಕ್ಕಿಸುವ ತಗ್ಗಿನ ಬಟ್ಟಲು ಅಂಟಿಸಿದೆ. ಖರ್ಚು ಎಲ್ಲ ಸೇರಿ 6,500.

ಆ ಗೆರೆಯನ್ನು ಉಜ್ಜುತ್ತಾ ಕೂತಿದ್ದಾಗಲೇ ಮೂರನೆಯದು ಹೊಳೆದದ್ದು. ನಾನು ಹುಡುಕುತ್ತಿದ್ದ ಉಪಾಯವನ್ನು ಬಾಗಿಲೇ ಮಾಡುತ್ತಿತ್ತು. ಮುಚ್ಚಿದಾಗ ಬಾಡಿಗೆ ಸಮತಟ್ಟು. ತೆರೆಯುವಾಗ ಮೊದಲು ಹೊರಕ್ಕೆ ಬಂದು ಆಮೇಲೆ ಹಿಂದಕ್ಕೆ. ಅದರ ಹಳಿಯ ಮುಂತುದಿಯಲ್ಲಿ ಒಂದು ಬಾಗು ಇದೆ, ಅಷ್ಟೇ. ಗಾಜಿಗೂ ಹಾಗೆಯೇ ಬಾಗಿದ ಹಳಿ ಕೊಟ್ಟು, ಹೊರಕ್ಕಲ್ಲ, ಒಳಕ್ಕೆ ತಂದು ಹಿಂದಕ್ಕೆ ಕಳುಹಿಸಿದರೆ ಮುಚ್ಚಿದಾಗ ಜಾರುವ ಗಾಜು, ಕದಲದ ಗಾಜು ಎರಡೂ ಒಂದೇ ಸಮತಲದಲ್ಲಿ ನಿಲ್ಲುತ್ತವೆ. ರಬ್ಬರ್ ಉಜ್ಜುವುದೂ ಇಲ್ಲ. ಒಳಗಿನಿಂದ ಬಿರಡೆ ಒತ್ತಿದ ಹಾಗೆ ಕೊನೆಯ ಗಳಿಗೆಯಲ್ಲಿ ಮಾತ್ರ ಅದುಮುತ್ತದೆ.

ಗಾಜಿಗೆ ನಾಲ್ಕು ಗೂಟ: ಮೇಲೆ ಎರಡು, ಕೆಳಗೆ ಎರಡು. ಗಾಜು ಓರೆಯಾಗದೆ ಒಳಗೆ ಬರಬೇಕಾದರೆ ಮುಂದಿನ ಗೂಟಕ್ಕೊಂದು, ಹಿಂದಿನ ಗೂಟಕ್ಕೊಂದು ಬಾಗು ಬೇಕು. ಸೀತಾಂಗೋಳಿಯ ಲೇತಿನವರು ಗಟ್ಟಿ ನೈಲಾನಿನಲ್ಲಿ ಹಳಿ ಕಡೆದು ಕೊಟ್ಟರು. ಗೂಟದಿಂದ ಗೂಟಕ್ಕೆ 340 ಮಿಲಿಮೀಟರ್. ಗಾಜು ಪೂರ್ತಿ ತೆರೆಯಲು 370 ಸರಿಯಬೇಕು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದಿದ್ದರೆ ನನಗೆ ಅಂದೇ ತಿಳಿಯಬೇಕಿತ್ತು. ಮುಳ್ಳೇರಿಯದಿಂದ ಬರುವಾಗ, ರಾತ್ರಿ ಒಂದು ಗಂಟೆಗೆ, ಅರ್ಥಧಾರಿಯೊಬ್ಬರು (ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವವರು) ಗಾಜನ್ನು ಪೂರ್ತಿ ಹಿಂದಕ್ಕೆ ತಳ್ಳಿದರು. ಮುಂದಿನ ಗೂಟ ಹಿಂದಿನ ಗೂಟದ ಬಾಗಿಗೆ ಹೋಗಿ ಬಿತ್ತು. ಗಾಜು ಓರೆಯಾಗಿ ಕಚ್ಚಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮಳೆ ಮಾತ್ರ ಒಳಕ್ಕೆ. ಮದ್ದಳೆಗೆ ಭಾಗವತರ ಶಾಲು ಹೊದೆಸಿದ್ದಾಯಿತು.

ಪರಿಹಾರವನ್ನೂ ಬಾಗಿಲೇ ಹೇಳಿಕೊಟ್ಟಿತು. ಅದರ ಮೂರು ಹಳಿಗಳು ಮೂರು ಎತ್ತರದಲ್ಲಿವೆ, ಒಂದರ ಉರುಳೆ ಇನ್ನೊಂದರ ದಾರಿಗೆ ಬರುವುದೇ ಇಲ್ಲ. ನನ್ನಲ್ಲಿ ಮೂರು ಎತ್ತರಕ್ಕೆ ಜಾಗವಿಲ್ಲ. ಹಾಗಾಗಿ ಒಂದೇ ಹಳಿಯನ್ನು ಎರಡು ಅಂತಸ್ತು ಮಾಡಿಸಿದೆ. ಮುಂದಿನ ಗೂಟ ಗಿಡ್ಡ, ಮೇಲಂತಸ್ತಿನಲ್ಲೇ ಓಡುತ್ತದೆ. ಹಿಂದಿನ ಗೂಟ ಉದ್ದ, ತುದಿ ಕೆಳ ಅಂತಸ್ತಿಗೆ ಇಳಿಯುತ್ತದೆ. ಹಿಂದಿನ ಬಾಗನ್ನು ಕೆಳ ಅಂತಸ್ತಿನಲ್ಲಿ ಮಾತ್ರ ಕಡೆಸಿದೆ. ಗಿಡ್ಡ ಗೂಟ ಅದರ ಮೇಲೆಯೇ ಹಾದುಹೋದರೂ ಬೀಳುವುದಿಲ್ಲ. ಮೇಲಿನ ಹಳಿಗೂ ಇದೇ ಲೆಕ್ಕ, ತಲೆಕೆಳಗಾಗಿ. “ಮೇಸ್ತ್ರಿ, ಇದು ಕಿಟಕಿಯೋ ಬೀಗವೋ?” ಎಂದು ಲೇತಿನವರು ನಕ್ಕರು. ಹಳಿ ಎರಡು ಸಲ ಕಡೆಸಿದ್ದೂ ಸೇರಿ 11,400 ರೂಪಾಯಿ.

ಅದರ ಮೇಲೆ ಸ್ಪ್ರಿಂಕ್ಲರ್ ಹಿಡಿದಾಗ ಲೋಟಕ್ಕೆ ಹಿಂಡಲು ನೀರೇ ಸಿಗಲಿಲ್ಲ. ಸೀಮೆಸುಣ್ಣದ ಗುರುತು ರಬ್ಬರಿನ ಸುತ್ತ ಒಂದೇ ದಪ್ಪದಲ್ಲಿ ಬಿದ್ದಿತ್ತು. ಹೊಸ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋದರೂ ಹಿಂದಿನ ಸೀಟಿನವರ ವಾದ ಮುಂದಿನ ಸೀಟಿಗೆ ಪೂರ್ತಿ ಕೇಳಿಸುತ್ತದೆ. ಇದು ಗುಣವೋ ದೋಷವೋ ಹೇಳಲಾರೆ. ನನಗಂತೂ ಮೂರರಲ್ಲಿ ಇದೇ ಕಿಟಕಿ. ಉಳಿದವು ಹೊಂದಾಣಿಕೆಗಳು.

ಆದರೆ ಬೇಸಿಗೆ ಬಂತು. ಹೆದ್ದಾರಿ ಅಗಲ ಮಾಡುವ ಕೆಲಸದ ಕೆಂಪುಮಣ್ಣಿನ ಧೂಳು ಕೆಳ ಅಂತಸ್ತಿನಲ್ಲಿ ತುಂಬಿತು. ನಾನು ಗ್ರೀಸ್ ಹಚ್ಚಿದ್ದೆ. ಗ್ರೀಸಿಗೆ ಧೂಳು ಸೇರಿ ಅರೆಯುವ ಹಿಟ್ಟಾಯಿತು, ನಾಲ್ಕು ತಿಂಗಳಲ್ಲಿ ಉದ್ದದ ಗೂಟ ಸವೆದು ಗಾಜು ಕುಣಿಯತೊಡಗಿತು. ಈಗ ಗ್ರೀಸ್ ಬಿಟ್ಟು ಮೇಣದ ಬತ್ತಿ ಉಜ್ಜುತ್ತೇನೆ, ತಿಂಗಳಿಗೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಾಗುಗಳನ್ನು ತಿಕ್ಕುತ್ತೇನೆ. ಗೂಟಗಳನ್ನು ಬಿಚ್ಚಿ ಬದಲಿಸುವ ಹಾಗೆ ಮಾಡಿಕೊಂಡಿದ್ದೇನೆ. ಗಿರಾಕಿಯ ವಾಹನಕ್ಕೆ ಇದನ್ನು ಹಾಕಿಕೊಡುತ್ತೀರಾ ಎಂದರೆ ಇಲ್ಲ. ತಿಕ್ಕುವವರು ಯಾರು? ಅವರಿಗೆ ಎರಡನೆಯದನ್ನೇ ಹೇಳುತ್ತೇನೆ, ತೀರಾ ದುಡಿಯುವ ಗಾಡಿಗೆ ಒಂದನೆಯದು.

ಯಾವುದನ್ನೇ ಹಾಕಿ, ಬಾಗಿಲಿನ ಮೂಲ ಕಿಂಡಿಯ ಅಳತೆಯನ್ನು ಹಿಗ್ಗಿಸಬೇಡಿ. ಗಾಜಿನ ಮೂಲೆಯಲ್ಲಿ ಸುರಕ್ಷಾ ಗಾಜಿನ ಭಾರತೀಯ ಮಾನಕವಾದ ಐಎಸ್ 2553ರ ಗುರುತು ಇರಲಿ. ಪಕ್ಕದ ಗಾಜಿನಲ್ಲಿ ಕನಿಷ್ಠ ನೂರಕ್ಕೆ 50ರಷ್ಟು ಬೆಳಕು ದಾಟಬೇಕು ಎಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮ. ನಮ್ಮ ಕಡೆ ತಪಾಸಣೆಯವರು ಮೊದಲು ನೋಡುವುದೇ ಗಾಜನ್ನು.

ಅಮ್ಮನಿಗೆ ಮೂರನೆಯದು ಒಗ್ಗಲಿಲ್ಲ. ಒಳಕ್ಕೆ ಎಳೆದು ಆಮೇಲೆ ಹಿಂದಕ್ಕೆ ತಳ್ಳುವ ಎರಡು ಹೆಜ್ಜೆಯ ಕೆಲಸಕ್ಕೆ ಅವರ ಬೆರಳು ಒಪ್ಪುವುದಿಲ್ಲ. “ಕಿಟಕಿ ತೆರೆಯಲು ಪಾಠ ಬೇಕೇನೋ ಮಗನೇ?” ಎನ್ನುತ್ತಾರೆ. ಎಡಬಾಗಿಲಿನಿಂದ ಹತ್ತಿ, ಸೀಟಿನ ಉದ್ದಕ್ಕೂ ಸರಿದು, ಬಲಬದಿಯ ಬಟ್ಟಲಿಗೆ ಒಂದು ಬೆರಳು ಸಿಕ್ಕಿಸಿ ಗಾಜು ಸರಿಸಿ ಕೂರುತ್ತಾರೆ. ಎಡಬದಿಯ ಕಿಟಕಿಯ ಪಕ್ಕ ಈಗ ಮದ್ದಳೆಯ ಜಾಗ.