ರೆಗ್ಯುಲೇಟರ್ ಬಿಚ್ಚಲು ಕೊಂಡ ಸೆಟ್: ಗೇಜಿಗೆ ಪೂರ್ಣ ಅಂಕ, ಉಳಿದವಕ್ಕೆ ಅರ್ಧ

ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಉಸಿರಾಡಲು ಬಾಯಿಗೆ ಕೊಡುವ ಸ್ಕೂಬಾ ಡೈವಿಂಗ್ ರೆಗ್ಯುಲೇಟರನ್ನು ಮನೆಯಲ್ಲೇ ಬಿಚ್ಚಿ, ತೊಳೆದು, ಹೊಸ ಸೀಲುಗಳನ್ನು ಕೂರಿಸಿ ಮರುಜೋಡಿಸಲು ಬೇಕಾದ ಉಪಕರಣಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಆನ್‌ಲೈನ್‌ನಲ್ಲಿ ಮಾರುತ್ತಾರೆ. ನಾನು ತರಿಸಿಕೊಂಡ ಸೆಟ್‌ನಲ್ಲಿ ರೆಗ್ಯುಲೇಟರಿನ ಎರಡು ಹಂತಗಳ ನಡುವಿನ ಮಧ್ಯಂತರ ಒತ್ತಡ ತೋರಿಸುವ ಗೇಜ್, ಸೆಕೆಂಡ್ ಸ್ಟೇಜನ್ನು (ಬಾಯಲ್ಲಿ ಕಚ್ಚಿಕೊಳ್ಳುವ ಭಾಗ) ಗಾಳಿಯ ಒತ್ತಡವಿರುವಾಗಲೇ ಹೊಂದಿಸುವ ಇನ್‌ಲೈನ್ ಅಡ್ಜಸ್ಟರ್, ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ಎಬ್ಬಿಸುವ ಕಡ್ಡಿಗಳು, ಪೋರ್ಟಿಗೆ (ಹೋಸ್ ಕೂರುವ ರಂಧ್ರ) ತಿರುಗಿಸಿ ಹಿಡಿದುಕೊಳ್ಳುವ ಹಿಡಿಕೆ, ಬೇರೆ ಬೇರೆ ಅಳತೆಯ ಓ-ರಿಂಗ್‌ಗಳ ಡಬ್ಬಿ ಹಾಗೂ ಸಿಲಿಕೋನ್ ಗ್ರೀಸಿನ ಸಣ್ಣ ಟ್ಯೂಬ್ ಇದ್ದವು. ಇವನ್ನು ಬಳಸಿದ್ದು ನನ್ನ ಸ್ಕೂಬಾಪ್ರೊ ಎಂಕೆ2 ಫಸ್ಟ್ ಸ್ಟೇಜ್ (ಸಿಲಿಂಡರಿಗೆ ಕೂರುವ ಭಾಗ) ಮತ್ತು ಅದರ ಜೊತೆಗಿರುವ ಆರ್195 ಸೆಕೆಂಡ್ ಸ್ಟೇಜ್ ಮೇಲೆ.

ಈ ಕೆಲಸ ಕಲಿಯುವವರಿಗೆ ಎಂಕೆ2ನಂಥ ಫಸ್ಟ್ ಸ್ಟೇಜ್ ಸಿಕ್ಕುವುದು ಅದೃಷ್ಟವೆಂದೇ ಹೇಳಬೇಕು. ಒಳಗೆ ಚಲಿಸುವುದು ಒಂದು ಪಿಸ್ಟನ್ ಮಾತ್ರ; ಅದನ್ನು ತಳ್ಳಲು ಒಂದು ಸ್ಪ್ರಿಂಗ್; ಪಿಸ್ಟನ್ನಿನ ತಲೆಗೊಂದು, ದಂಡಿಗೊಂದು ಓ-ರಿಂಗ್; ದಂಡಿನ ತುದಿಯಲ್ಲಿ ಪ್ಲಾಸ್ಟಿಕ್ ಸೀಟ್. ಹಿತ್ತಾಳೆಯ ಮೈಯೊಳಗಿನ ಚೂಪು ಅಂಚಿನ ಮೇಲೆ ಆ ಸೀಟ್ ಕೂತಾಗ ಗಾಳಿ ನಿಲ್ಲುತ್ತದೆ, ಎದ್ದಾಗ ಹರಿಯುತ್ತದೆ. ಆ ಅಂಚಿಗೆ ಒಂದು ಗೀರು ಬಿದ್ದರೂ ಎಷ್ಟು ಹೊಸ ಸೀಟ್ ಹಾಕಿದರೂ ಸೋರಿಕೆ ನಿಲ್ಲುವುದಿಲ್ಲ. ಆದ್ದರಿಂದಲೇ ಸೆಟ್‌ನ ಕಡ್ಡಿಗಳ ಮೇಲೆ ನನ್ನ ಮೊದಲ ಆಕ್ಷೇಪ. ಅವು ಗಟ್ಟಿ ಉಕ್ಕಿನವು, ತುದಿ ಸೂಜಿಯಂತೆ ಚೂಪು. ಹಿತ್ತಾಳೆಗಿಂತ ಉಕ್ಕು ಗಟ್ಟಿ. ಓ-ರಿಂಗ್ ಕೂರುವ ತೋಡಿನಲ್ಲಿ ಅದು ಒಮ್ಮೆ ಜಾರಿದರೆ ಸಾಕು. ಅವನ್ನು ಬದಿಗಿಟ್ಟು, ಬೇರೆಯಾಗಿ ಕೊಂಡ ಹಿತ್ತಾಳೆಯ ಕಡ್ಡಿಯನ್ನೇ ಬಳಸಿದೆ.

ಓ-ರಿಂಗ್ ಡಬ್ಬಿಯದೂ ಅರೆಬರೆ ಕೆಲಸವೇ. ಕಡಿಮೆ ಒತ್ತಡದ ಹೋಸಿಗೆ 011, ಹೆಚ್ಚಿನ ಒತ್ತಡದ ಹೋಸಿಗೆ 012, ಯೋಕ್ (ರೆಗ್ಯುಲೇಟರನ್ನು ಸಿಲಿಂಡರಿಗೆ ಬಿಗಿಸುವ ಚೌಕಟ್ಟು) ಕೂರುವ ಸಿಲಿಂಡರ್ ವಾಲ್ವಿಗೆ 014 ಎಂಬ ಸಾಮಾನ್ಯ ಅಳತೆಗಳೆಲ್ಲ ಅದರಲ್ಲಿವೆ. ಆದರೆ ಎಲ್ಲವೂ 70 ಡ್ಯುರೋಮೀಟರ್ ಗಡಸುತನದವು. ಸಿಲಿಂಡರಿನ 200 ಬಾರ್ ಒತ್ತಡ ನೇರವಾಗಿ ತಾಗುವ ಜಾಗಗಳಿಗೆ ಸಾಮಾನ್ಯವಾಗಿ 90ರ ಗಡಸು ರಿಂಗ್ ಬೇಕು. ಮೆದುವಾದದ್ದು ಒತ್ತಡಕ್ಕೆ ಸಂದಿಯೊಳಗೆ ಹಿಂಡಿಕೊಂಡು ಹರಿಯುತ್ತದೆ. ಸೀಟ್ ಮತ್ತು ಫಿಲ್ಟರನ್ನಂತೂ ಯಾವ ಸೆಟ್ಟೂ ಕೊಡುವುದಿಲ್ಲ, ಮಾದರಿಗೆ ತಕ್ಕ ಸರ್ವಿಸ್ ಕಿಟ್ಟನ್ನೇ ಹುಡುಕಬೇಕು. ಹಲವು ತಯಾರಕರು ಅದನ್ನು ತಮ್ಮ ಅಧಿಕೃತ ಡೀಲರುಗಳಿಗೆ ಮಾತ್ರ ಮಾರುತ್ತಾರೆ ಎಂಬುದನ್ನು ಹಣ ಕೊಡುವ ಮೊದಲೇ ತಿಳಿದಿರುವುದು ಒಳ್ಳೆಯದು. ಗ್ರೀಸಿನ ಬಗ್ಗೆ ಒಂದೇ ಮಾತು: ಸಾದಾ ಗಾಳಿಗೆ ಅದು ನಡೆಯುತ್ತದೆ, ಆಮ್ಲಜನಕ ಶೇಕಡಾ 40ಕ್ಕಿಂತ ಹೆಚ್ಚಿರುವ ಮಿಶ್ರಣಕ್ಕೆ ಖಂಡಿತ ಸಲ್ಲದು, ಅಲ್ಲಿ ಕ್ರಿಸ್ಟೋ-ಲ್ಯೂಬ್‌ನಂಥ ಆಮ್ಲಜನಕಕ್ಕೆ ಹೊಂದುವ ಗ್ರೀಸೇ ಬೇಕು.

ಪೋರ್ಟ್ ಹಿಡಿಕೆ ಚೆನ್ನಾಗಿದೆ. ಫಸ್ಟ್ ಸ್ಟೇಜಿನ ಮೈಯನ್ನು ವೈಸಿನ ದವಡೆಗೆ ಕೊಟ್ಟು ಕ್ರೋಮ್ ಕೆಡಿಸುವ ಪ್ರಮೇಯವನ್ನೇ ಅದು ತಪ್ಪಿಸುತ್ತದೆ.

ಇಡೀ ಪೆಟ್ಟಿಗೆಯ ಬೆಲೆಯನ್ನು ಸಮರ್ಥಿಸುವ ವಸ್ತುವೆಂದರೆ ಗೇಜ್. ಫಸ್ಟ್ ಸ್ಟೇಜಿನ ಕೆಲಸ ಸಿಲಿಂಡರಿನ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುವುದು. ಅದನ್ನೇ ಮಧ್ಯಂತರ ಒತ್ತಡ ಎನ್ನುತ್ತೇವೆ. ಬಿಸಿಡಿಗೆ (ತೇಲುವಿಕೆ ಹೊಂದಿಸುವ ಜಾಕೆಟ್) ಗಾಳಿ ತುಂಬುವ ಇನ್‌ಫ್ಲೇಟರ್ ಹೋಸಿನ ತುದಿಗೆ ಗೇಜನ್ನು ಸಿಕ್ಕಿಸಿ, ಸಿಲಿಂಡರ್ ವಾಲ್ವನ್ನು ನಿಧಾನವಾಗಿ ತೆರೆದರೆ ಮುಳ್ಳು ಏರಿ ಒಂದು ಕಡೆ ನಿಲ್ಲಬೇಕು. ಸೆಕೆಂಡ್ ಸ್ಟೇಜಿನಿಂದ ಗಾಳಿ ಹೊರಬಿಡುವ ಪರ್ಜ್ ಬಟನ್ ಒತ್ತಿದಾಗ ಇಳಿದು, ಬಿಟ್ಟೊಡನೆ ಚುರುಕಾಗಿ ಮೊದಲಿನ ಜಾಗಕ್ಕೇ ಮರಳಬೇಕು. ಹಾಗಲ್ಲದೆ ನಿಮಿಷ ಕಳೆದಂತೆ ತೆವಳುತ್ತಾ ಮೇಲೇರುತ್ತಿದ್ದರೆ ಸೀಟ್ ಸರಿಯಾಗಿ ಕೂತಿಲ್ಲ, ಇಲ್ಲವೇ ಅಂಚು ಕೆಟ್ಟಿದೆ ಎಂದರ್ಥ. ಹೊಸ ಸೀಟ್ ಹಾಕಿದ ಮೊದಲ ಕೆಲವು ಗಂಟೆಗಳಲ್ಲಿ ತುಸು ತೆವಳಿ ಆಮೇಲೆ ನೆಲೆಗೊಳ್ಳುವುದುಂಟು; ನನ್ನದರಲ್ಲಿಯೂ ಹಾಗೇ ಆಯಿತು. ಎಂಕೆ2 ಬ್ಯಾಲೆನ್ಸ್ಡ್ (ಸಿಲಿಂಡರಿನ ಒತ್ತಡ ಇಳಿದರೂ ಮಧ್ಯಂತರ ಒತ್ತಡ ಹೆಚ್ಚು ಬದಲಾಗದ ಬಗೆ) ಅಲ್ಲವಾದ್ದರಿಂದ ಸಿಲಿಂಡರ್ ಖಾಲಿಯಾಗುತ್ತಾ ಬಂದಂತೆ ಈ ಒತ್ತಡವೂ ಇಳಿಯುತ್ತದೆ. ತುಂಬಿದ ಸಿಲಿಂಡರಿನಲ್ಲೊಮ್ಮೆ, 50 ಬಾರ್ ಆಸುಪಾಸಿನಲ್ಲೊಮ್ಮೆ ನೋಡಿಕೊಂಡು ಆ ವ್ಯತ್ಯಾಸವನ್ನು ದೋಷವೆಂದು ಭ್ರಮಿಸದಿರುವುದು ಲೇಸು.

ಗೇಜಿನ ಕೈಪಿಡಿ ಬಿಟ್ಟಿರುವ ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಲೇಬೇಕು. ಸೆಕೆಂಡ್ ಸ್ಟೇಜನ್ನು ಕಳಚಿಟ್ಟು ಬರೀ ಗೇಜ್ ಸಿಕ್ಕಿಸಿ ವಾಲ್ವ್ ತೆರೆಯಬಾರದು. ಫಸ್ಟ್ ಸ್ಟೇಜ್ ಕೈಕೊಟ್ಟರೆ ಹೆಚ್ಚಿನ ಒತ್ತಡ ಸೆಕೆಂಡ್ ಸ್ಟೇಜಿನ ಮೂಲಕ ಭುಸುಗುಟ್ಟಿ ಹೊರಹೋಗುತ್ತದೆ. ಆ ದಾರಿ ಇಲ್ಲದಿದ್ದರೆ ಅದನ್ನು ತಡೆದುಕೊಳ್ಳಬೇಕಾದ್ದು ಹೋಸ್ ಮತ್ತು ನಿಮ್ಮ ಕೈಯಲ್ಲಿರುವ ಗೇಜಿನ ಗಾಜಿನ ಮುಖ.

ಇನ್‌ಲೈನ್ ಅಡ್ಜಸ್ಟರ್ ಹೋಸಿಗೂ ಸೆಕೆಂಡ್ ಸ್ಟೇಜಿಗೂ ನಡುವೆ ಕೂರುತ್ತದೆ. ಅದರ ಚಪ್ಪಟೆ ತುದಿಯಿಂದ ಒಳಗಿನ ಆರಿಫೈಸನ್ನು (ಗಾಳಿ ಬರುವ ರಂಧ್ರವಿರುವ, ತಿರುಗಿಸಬಹುದಾದ ಬಿಡಿಭಾಗ) ಸ್ವಲ್ಪ ಸ್ವಲ್ಪವೇ ತಿರುಗಿಸಿ ಉಸಿರೆಳೆಯುವ ಶ್ರಮವನ್ನು ಹೊಂದಿಸಬಹುದು. ಪ್ರತಿ ಬಾರಿ ತಿರುಗಿಸುವಾಗಲೂ ಪರ್ಜ್ ಒತ್ತಿ ಹಿಡಿಯಬೇಕು, ಇಲ್ಲವಾದರೆ ತಿರುಗುವ ಅಂಚು ಮೆದು ಸೀಟನ್ನು ಕೊರೆದುಬಿಡುತ್ತದೆ. ಉಪಕರಣ ನುಣುಪಾಗಿ ತಿರುಗುತ್ತದೆ, ಸೋರುವುದಿಲ್ಲ. ಫಲಿತಾಂಶವನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ: ಬಾಯಲ್ಲಿ ಕಚ್ಚುವ ತುದಿಯನ್ನು ಮೇಲೆ ಮಾಡಿ ಸೆಕೆಂಡ್ ಸ್ಟೇಜನ್ನು ಪಾತ್ರೆಯ ನೀರಿಗೆ ಮೆಲ್ಲಗೆ ಇಳಿಸಿದಾಗ, ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ) ಮೂರು ನಾಲ್ಕು ಸೆಂಟಿಮೀಟರ್ ಮುಳುಗುವ ಹೊತ್ತಿಗೆ ಗಾಳಿ ಸುಯ್ಯೆಂದರೆ ಸಾಕು. ಸಿಲಿಂಡರಿಗೆ ಜೋಡಿಸದೆ, ಫಸ್ಟ್ ಸ್ಟೇಜಿನ ಬಾಯಿಗೆ ಧೂಳುಮುಚ್ಚಳ ಹಾಕಿ ಉಸಿರೆಳೆದು ನೋಡುವ ಪರೀಕ್ಷೆಯನ್ನೂ ಬಿಡಬಾರದು. ಗಾಳಿ ಒಳಬಂದರೆ ಡಯಾಫ್ರಮ್ ಅಥವಾ ಉಸಿರು ಹೊರಹೋಗುವ ವಾಲ್ವ್ ಸರಿಯಾಗಿ ಕೂತಿಲ್ಲ, ನೀರೊಳಗೆ ಅದೇ ದಾರಿಯಲ್ಲಿ ಬಾಯಿಗೆ ಬರುವುದು ಉಪ್ಪುನೀರು.

ರೆಗ್ಯುಲೇಟರ್ ವಾರಂಟಿಯಲ್ಲಿದ್ದರೆ, ಅಥವಾ ಅದರ ಸರ್ವಿಸ್ ಕೈಪಿಡಿ ನಿಮ್ಮ ಕೈಯಲ್ಲಿಲ್ಲದಿದ್ದರೆ, ಈ ಸೆಟ್ ಕೊಳ್ಳಬೇಡಿ. ಬಿಚ್ಚುವ ಉದ್ದೇಶವಿಲ್ಲದವರೂ ಗೇಜೊಂದನ್ನು ಬಿಡಿಯಾಗಿ ಕೊಳ್ಳಬಹುದು. ಡೈವಿಂಗಿಗೆಂದು ನೇತ್ರಾಣಿ ದ್ವೀಪಕ್ಕೆ ಹೋಗಲು ಮುರುಡೇಶ್ವರದಲ್ಲಿ ದೋಣಿ ಹತ್ತುವ ಮುನ್ನ, ಸ್ವಂತದ್ದಾಗಲಿ ಬಾಡಿಗೆಯದ್ದಾಗಲಿ, ರೆಗ್ಯುಲೇಟರಿನ ಇನ್‌ಫ್ಲೇಟರ್ ಹೋಸಿಗೆ ಅದನ್ನು ಸಿಕ್ಕಿಸಿ ಮುಳ್ಳು ನಿಲ್ಲುತ್ತದೆಯೇ ತೆವಳುತ್ತದೆಯೇ ಎಂದು ನೋಡಲು ಒಂದೆರಡು ನಿಮಿಷ ಸಾಕು.